ದೂರಗಿವಿ

ಮಂದಗಾಲ ಬರುವ ಮುಂಚಿನ ವಾರ ನಮ್ಮೂರಿನಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಮನೆಯಲ್ಲಿ ತೆಳುವಾಗಿ ಕೂಗುವ ವಸ್ತು ಏನಿದ್ದರೂ ಅದರ ಧ್ವನಿ ಇಳಿಸಿಡಬೇಕು. ಬಾಗಿಲಿನ ಗಂಟೆ ಬಿಚ್ಚಿ ಮರದ ಕೊಡತಿ ತೂಗುಹಾಕುತ್ತಾರೆ. ಹಾಲಿನವನು ಸೈಕಲ್ ಬೆಲ್ಲನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು, ಕ್ಯಾನಿನ ತಳ ಗುದ್ದಿಕೊಂಡು ಬರುತ್ತಾನೆ. ಅಮ್ಮ ಕುಕ್ಕರಿನ ಸೀಟಿಗೆ ಕೆಂಪು ರಿಬ್ಬನ್ನಿನ ತುಂಡು ಕಟ್ಟುತ್ತಾಳೆ. ಕೂಗಿದ್ದು ಕೇಳಿಸದಿದ್ದರೂ ರಿಬ್ಬನ್ ಎಗರಿದ್ದು ಕಾಣಬೇಕಲ್ಲ. ಹಸುಗೂಸಿನ ತಾಯಂದಿರು ತೊಟ್ಟಿಲಿನಿಂದ ತಮ್ಮ ಕೈಗೆ ಒಂದು ದಾರ ಕಟ್ಟಿಕೊಳ್ಳುತ್ತಾರೆ. ಆಮೇಲೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಗುಬ್ಬಿಗಳು ಕೊಕ್ಕು ತೆರೆದು ಮುಚ್ಚುತ್ತಿರುತ್ತವೆ, ಸದ್ದು ಮಾತ್ರ ಇರುವುದಿಲ್ಲ. ಬಂತಲ್ಲಪ್ಪ, ಅನ್ನುತ್ತಾರೆ ಜನ, ಹಲ್ಲುಜ್ಜುತ್ತಲೇ. ಅಲ್ಲಿಂದ ಗಾಳಿ ತಿರುಗುವವರೆಗೆ ತೆಳು ಸದ್ದು ಯಾವುದೂ ಒಂದು ಮಾರು ದಾಟಿ ಹೋಗುವುದಿಲ್ಲ. ದಪ್ಪ ಸದ್ದು ಮಾತ್ರ ಊರೆಲ್ಲ ಓಡಾಡಿಕೊಂಡಿರುತ್ತದೆ.

ನನ್ನ ಧ್ವನಿ ತೆಳು. ಕಾಲೇಜಿನಲ್ಲಿ ಹಾಜರಿ ಕರೆಯುವಾಗ ನನ್ನ ಪರವಾಗಿ ಪಕ್ಕದ ಹುಡುಗಿ ಕೂಗುತ್ತಿದ್ದಳು. ಹೀಗೆ ಬೇರೆಯವರ ಬಾಯಲ್ಲಿ ಹಾಜರಾಗಿಯೇ ನಾನು ಎಲೆಕ್ಟ್ರಾನಿಕ್ಸಿನಲ್ಲಿ ಬಿ.ಎಸ್ಸಿ. ಮುಗಿಸಿದ್ದು. ಈಗ ಮನೆಯಲ್ಲಿದ್ದೇನೆ. ದಿನಕ್ಕೆ ಆಡುವ ಮಾತಿಗಿಂತ ಡೈರಿಯಲ್ಲಿ ಬರೆಯುವುದೇ ಹೆಚ್ಚು. ಹಾಗಾಗಿ ಮಂದಗಾಲ ಅಂದರೆ ಉಳಿದವರಿಗೆ ಕಿರಿಕಿರಿ, ನನಗೆ ಒಂದು ತರಹದ ರಜೆ. ಯಾರೂ ನನ್ನನ್ನು ಮಾತಾಡಿಸುವುದಿಲ್ಲ, ಮಾತಾಡಿಸಿದರೂ ಉತ್ತರ ಬರುತ್ತದೆ ಅಂತ ಕಾಯುವುದಿಲ್ಲ.

ಅಣ್ಣ ಒಬ್ಬ ಮಾತ್ರ ಕಾಯುತ್ತಿದ್ದ. ಏನಾದರೂ ಹೇಳಬೇಕು ಅಂತ ನಾನು ಬಾಯಿ ತೆರೆದರೆ ಸಾಕು, ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಹತ್ತಿರ ಬಂದು, ತಲೆಯನ್ನು ಒಂದು ಕಡೆ ವಾಲಿಸಿ, ಎಡಗಿವಿಯನ್ನು ನನ್ನ ಬಾಯಿಯ ಹತ್ತಿರ ತರುತ್ತಿದ್ದ. ಆ ವಾಲಿದ ತಲೆ ನನ್ನದು ಅಂತ ನಾನು ತಿಳಿದುಕೊಂಡಿದ್ದೆ.

ಅಣ್ಣನ ಹೆಸರು ಹೇರಂಬ. ನಾದಮಿತ್ರ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಾನೆ. ಅವನ ಕಾಲಿನ ಕೆಳಗೆ ಒಂದು ವಾ ಪೆಡಲ್ ಇರುತ್ತದೆ. ಚಪ್ಪಲಿಯಷ್ಟು ಉದ್ದದ ಕಬ್ಬಿಣದ ಪೆಟ್ಟಿಗೆ, ಮೇಲೆ ರಬ್ಬರ್ ಹಾಸಿದ ಹಲಗೆ. ಮುಂಗಾಲು ಒತ್ತಿದರೆ ಗಿಟಾರ್ ಬಾಯಿ ತೆರೆಯುತ್ತದೆ, ಹಿಮ್ಮಡಿ ಒತ್ತಿದರೆ ಮುಚ್ಚುತ್ತದೆ. ಒತ್ತುತ್ತಾ ಬಿಡುತ್ತಾ ಹೋದರೆ ತಂತಿ ಮಗುವಿನ ಹಾಗೆ ವಾ, ವಾ ಅನ್ನುತ್ತದೆ. ಮಿಕ್ಕ ದಿನಗಳಲ್ಲಿ ಚೆಂದ. ಮಂದಗಾಲದಲ್ಲಿ ಆ ತೆರೆದ ಬಾಯಿಯಿಂದ ಹೊರಡುವುದೆಲ್ಲ ತೆಳುವೇ, ವೇದಿಕೆಯ ಅಂಚಿನಲ್ಲೇ ಬಿದ್ದುಹೋಗುತ್ತದೆ. ಅದಕ್ಕೇ ಪ್ರತಿ ವರ್ಷ ಗುಬ್ಬಿಗಳ ಸದ್ದಡಗಿದ ಮೇಲೆ ನಾವಿಬ್ಬರು ಅದರ ತಳದ ಸ್ಕ್ರೂ ಬಿಚ್ಚಿ ಕೂರುತ್ತಿದ್ದೆವು. ಒಳಗೆ ಒಂದು ಪುಟ್ಟ ಕೆಪಾಸಿಟರ್ ಇದೆ. ಬಾಯಿ ಎಷ್ಟು ಎತ್ತರದಲ್ಲಿ ತೆರೆಯಬೇಕು ಅನ್ನುವುದನ್ನು ತೀರ್ಮಾನಿಸುವುದು ಅದೇ. ಅದನ್ನು ಕಿತ್ತು ದೊಡ್ಡದು ಹಾಕಿದರೆ ಧ್ವನಿ ಕೆಳಗಿಳಿಯುತ್ತದೆ. ಅಪ್ಪ ಇದ್ದಾಗ ರೇಡಿಯೊ ರಿಪೇರಿ ಮಾಡುತ್ತಿದ್ದ ಮೇಜು ಹಿತ್ತಲ ಜಗಲಿಯಲ್ಲಿತ್ತು. ಹಳೆಯ ರೇಡಿಯೊಗಳಿಂದ ಕಿತ್ತ ಕೆಪಾಸಿಟರುಗಳು ಒಂದು ಉಪ್ಪಿನಕಾಯಿ ಭರಣಿಯ ತುಂಬ ಇದ್ದವು. ಒಂದು ತೆಗೆದು ಇನ್ನೊಂದು ಹಾಕುವುದು, ಬಾರಿಸುವುದು, ಮತ್ತೆ ತೆಗೆಯುವುದು. ರಾಳದ ಹೊಗೆ, ಆರಿದ ಕಾಫಿ. ವರ್ಷದಲ್ಲಿ ನನಗೆ ಹಬ್ಬ ಅಂತ ಇದ್ದದ್ದು ಅದೊಂದೇ.

ಯಾವುದರ ಧ್ವನಿ ಇಳಿಸಿದರೂ ಇಳಿಸುವವನ ಕಿವಿಯನ್ನು ನಂಬುವಂತಿಲ್ಲ. ಅವನು ವಸ್ತುವಿನ ಪಕ್ಕದಲ್ಲೇ ಕೂತಿರುತ್ತಾನೆ, ಒಂದು ಮಾರಿನೊಳಗೆ ಎಲ್ಲವೂ ಕೇಳಿಸುತ್ತದೆ. ಅದಕ್ಕಾಗಿ ದೂರದಲ್ಲಿ ಇನ್ನೊಬ್ಬರನ್ನು ಕೂರಿಸುತ್ತಾರೆ. ಅವರನ್ನು ದೂರಗಿವಿ ಅನ್ನುತ್ತೇವೆ. ದೂರಗಿವಿ ಮಾತಾಡುವ ಹಾಗಿಲ್ಲ. ಪೂರ್ತಿ ಕೇಳಿಸಿದರೆ ಕೈ ಎತ್ತಬೇಕು, ಇಲ್ಲದಿದ್ದರೆ ಕೈ ಮಡಿಲಲ್ಲಿರಬೇಕು. ಬಾಯಿ ಬಿಡಬಾರದು ಅನ್ನುವ ಕೆಲಸ ಊರಿನಲ್ಲಿ ಒಂದಾದರೂ ಇದೆಯಲ್ಲ ಅಂತ ಅದು ನನ್ನ ಪಾಲಿಗೆ ಬಂದಿತ್ತು. ಬೆಸುಗೆ ಹಾಕಿಕೊಟ್ಟು, ಹಿತ್ತಲ ಕೊನೆಯ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂರುತ್ತಿದ್ದೆ. ಅಣ್ಣ ಜಗಲಿಯಿಂದ ಬಾರಿಸುತ್ತಿದ್ದ. ನಾನು ಕೈ ಎತ್ತಿದರೆ ಅದೇ ಕೊನೆಯ ಮಾತು.

ಹೀಗಿರುವಾಗ ಅಣ್ಣನಿಗೆ ಮದುವೆಯಾಯಿತು. ಅತ್ತಿಗೆಯ ಹೆಸರು ಮೇದಿನಿ, ಗುಡ್ಡದ ಆಚೆಯವಳು. ಅಲ್ಲಿ ಮಂದಗಾಲ ಇಲ್ಲ. ಆದರೆ ಮಂದಗಾಲಕ್ಕೆಂದೇ ಮಾಡಿಸಿದಂಥ ಧ್ವನಿ ಅವಳದು, ತುಂಬಿದ ಕೊಡದ ಮೇಲೆ ಕೈಯಾಡಿಸಿದ ಹಾಗೆ ದಪ್ಪ. ಅಡುಗೆಮನೆಯಲ್ಲಿ ನಿಂತು "ರೀ" ಅಂದರೆ ತಾರಸಿಯ ಮೇಲಿದ್ದ ಅಣ್ಣ "ಬಂದೆ" ಅನ್ನುತ್ತಿದ್ದ. ಅಮ್ಮನಿಗಂತೂ ಹಿಗ್ಗೋ ಹಿಗ್ಗು.

"ಅಂತೂ ಈ ಮನೆಗೊಂದು ಗಂಟಲು ಬಂತು," ಅಂತ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು. ನಾನು ಅಲ್ಲೇ ಸೊಪ್ಪು ಬಿಡಿಸುತ್ತಾ ಕೂತಿದ್ದೆ.

ಅತ್ತಿಗೆ ಕೆಟ್ಟವಳಾಗಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು. ಅವಳು ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ದೋಸೆಯ ಗರಿಯಾದ ಅಂಚನ್ನು ನನಗೆ ಅಂತ ತೆಗೆದಿಡುತ್ತಿದ್ದಳು. ನನ್ನ ಮಾತು ಕೇಳಿಸದಿದ್ದಾಗ ಎರಡನೇ ಸಲ ಕೇಳದೆ, ತಾನೇ ಅರ್ಥ ಮಾಡಿಕೊಂಡು ಉತ್ತರ ಕೊಡುತ್ತಿದ್ದಳು, ಅದೂ ಸರಿಯಾಗಿಯೇ. ಅದಕ್ಕೂ ನನಗೆ ಉರಿಯುತ್ತಿತ್ತು. ಮಂದಗಾಲ ಬಿದ್ದ ಮೇಲೆ ಆ ಇಬ್ಬರು ಮನೆಯ ಈ ತುದಿಯಿಂದ ಆ ತುದಿಗೆ ಮಾತಾಡಿಕೊಂಡಿರುತ್ತಿದ್ದರು. ಅಣ್ಣ ಈಗ ಯಾರ ಹತ್ತಿರಕ್ಕೂ ಬಂದು ತಲೆ ವಾಲಿಸಬೇಕಾಗಿರಲಿಲ್ಲ. ವಾಲಿಸುವ ಅಭ್ಯಾಸವೇ ತಪ್ಪಿಹೋಗಿ, ನಾನು ಬಾಯಿ ತೆರೆದಾಗಲೂ ನಿಂತಲ್ಲಿಂದಲೇ "ಹ್ಞೂಂ?" ಅನ್ನತೊಡಗಿದ.

ಈ ಸಲ ಪೆಡಲಿನ ಸ್ಕ್ರೂ ಬಿಚ್ಚಿದ ದಿನ ನಾನು ಬೆಸುಗೆಯ ಐರನ್ ಬಿಸಿಗಿಟ್ಟು, ಭರಣಿ ಸುರುವಿ, ಕೆಪಾಸಿಟರುಗಳನ್ನು ದೊಡ್ಡದು ಚಿಕ್ಕದು ಅಂತ ಸಾಲಾಗಿ ಜೋಡಿಸಿಟ್ಟಿದ್ದೆ. ಅಣ್ಣ ಬಂದ, ಹಿಂದೆ ಅತ್ತಿಗೆಯೂ ಬಂದಳು.

"ಕುಮು, ಈ ಸಲ ಮೇದಿನಿ ಕೂತ್ಕೊಳ್ಳಲಿ ಕಲ್ಲಿನ ಹತ್ರ," ಅಂದ. "ನೀನು ಇಲ್ಲಿ ಬೆಸುಗೆ ನೋಡ್ಕೋ."

"ಯಾಕೆ?" ಅಂದೆ.

"ಈ ಸಲ ಸರಿಯಾಗಿ ಆಗ್ಬೇಕು. ಮಂದಗಾಲಕ್ಕೆ ಗಿಟಾರ್ ಬೇಡ ಅಂತಿದಾರೆ ದೊರೆಸ್ವಾಮಿ ಮಾಸ್ತರು. ಮೊದಲ್ನೇ ಪ್ರೋಗ್ರಾಂ ನೋಡಿ ಹೇಳ್ತಾರಂತೆ. ಹಿಂದಿನ ಸಾಲಿಗೆ ಕೇಳಿಸ್ಲಿಲ್ಲ ಅಂದ್ರೆ ನಾನು ಮನೇಲಿ."

ಆರ್ಕೆಸ್ಟ್ರಾ ನಡೆಸುವವರು ದೊರೆಸ್ವಾಮಿ ಮಾಸ್ತರು. ಅವರದು ನಗಾರಿ, ಮಂದಗಾಲ ಅವರಿಗೆ ಸುಗ್ಗಿ. ಅವರ ಮಾತು ಅಣ್ಣನನ್ನು ಕಡಿದಿದೆ ಅಂತ ಗೊತ್ತಾಯಿತು. ಆದರೆ ನನ್ನನ್ನು ಕಡಿದದ್ದು ಬೇರೆ. ಸರಿಯಾಗಿ ಆಗಬೇಕು ಅನ್ನುವುದಕ್ಕೂ ನಾನು ಕಲ್ಲು ಬಿಟ್ಟೇಳುವುದಕ್ಕೂ ಏನು ಸಂಬಂಧ?

ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ನನ್ನ ಕಲ್ಲಿನ ಮೇಲೆ ಕೂತಳು. ಕಾಲ ಮೇಲೆ ಕಾಲು ಬೇರೆ. ನಾನು ಹೋದ ವರ್ಷದ ಕೆಪಾಸಿಟರನ್ನೇ ಹಾಕಿಕೊಟ್ಟೆ, ಅದು ಸರಿ ಅಂತ ನನಗೆ ಗೊತ್ತಿತ್ತು. ಅಣ್ಣ ನಾವು ಯಾವಾಗಲೂ ಪರೀಕ್ಷೆಗೆ ಇಟ್ಟುಕೊಂಡಿದ್ದ ರಾಗವನ್ನೇ ಬಾರಿಸಿದ. ನನ್ನ ಹೈಸ್ಕೂಲಿನ ಕಾಲದಿಂದಲೂ ಅವನು ಬಾರಿಸುತ್ತಿದ್ದದ್ದು ಅದು. ಅತ್ತಿಗೆಯ ಕೈ ಮಡಿಲಲ್ಲೇ ಇತ್ತು. ಮತ್ತೆ ಬಾರಿಸಿದ. ಕೈ ಏಳಲಿಲ್ಲ.

"ಧಬ ಧಬ ಅನ್ನತ್ತೆ ಅಷ್ಟೇ ರೀ," ಅಂತ ಅಲ್ಲಿಂದಲೇ ಹೇಳಿದಳು. ದೂರಗಿವಿ ಮಾತಾಡಬಾರದು ಅನ್ನುವುದೂ ಅವಳಿಗೆ ಗೊತ್ತಿರಲಿಲ್ಲ. "ಗೋಣಿಚೀಲ ಬಡಿದ ಹಾಗೆ."

ನಾನು ಐರನ್ ಕೆಳಗಿಟ್ಟು ದಡದಡ ಹೋಗಿ ಕಲ್ಲಿನ ಪಕ್ಕ ನಿಂತೆ. ಬಾರಿಸು ಅಂತ ಕೈಸನ್ನೆ ಮಾಡಿದೆ. ಬಾರಿಸಿದ. ನನಗೆ ಕೇಳಿಸಿತು. ತಂತಿ ಬಾಯಿ ತೆರೆದದ್ದು, ಏರಿದ್ದು, ಕೊನೆಯಲ್ಲಿ ಅವನು ಹಿಮ್ಮಡಿಯನ್ನು ಸ್ವಲ್ಪ ತಡವಾಗಿ ಒತ್ತುವುದು, ಎಲ್ಲ. ಕೈ ಎತ್ತಿದೆ.

ಅತ್ತಿಗೆ ನನ್ನ ಕೈಯನ್ನೂ ಮುಖವನ್ನೂ ನೋಡಿದಳು. "ನಿನಗೆ ಕೇಳಿಸ್ತಾ ಕುಮುದಾ? ನನಗಂತೂ ಇಲ್ಲಮ್ಮ."

"ನಿಮಗೆ ಅಭ್ಯಾಸ ಇಲ್ಲ," ಅಂದೆ.

"ಏನಂದೆ?"

"ಅಭ್ಯಾಸ ಇಲ್ಲ," ಅಂತ ಹತ್ತಿರ ಹೋಗಿ ಹೇಳಬೇಕಾಯಿತು. ಸಿಟ್ಟಿನ ಮಾತನ್ನು ಎರಡು ಸಲ ಹೇಳುವುದಕ್ಕಿಂತ ಅವಮಾನ ಇನ್ನೊಂದಿಲ್ಲ.

ಅಮ್ಮ ನನ್ನ ಪರ ನಿಂತಳು. "ಹೊಸ ಸೊಸೆ ಕಿವಿ, ಹೊಸ ಮಡಕೆ ಇದ್ದ ಹಾಗೆ. ಪಳಗಬೇಕು," ಅಂದಳು. ಆದರೆ ಅಣ್ಣ ಪೆಡಲ್ ಎತ್ತಿಕೊಂಡು ಒಳಗೆ ಹೋದ. ಅವನು ನಂಬಿದ್ದು ಯಾರನ್ನು ಅಂತ ಹೇಳದೆಯೇ ಹೇಳಿದ ಹಾಗಾಯಿತು.

ಆ ರಾತ್ರಿಯ ಊಟದಲ್ಲಿ ನಾನು ಸಾರಿಗೆ ಉಪ್ಪು ಹೆಚ್ಚಾಗಿದೆ ಅಂದೆ. ಉಪ್ಪು ಸರಿಯಾಗಿಯೇ ಇತ್ತು. ಯಾರಿಗೂ ಕೇಳಿಸಲಿಲ್ಲ.

ಒಂದು ವಿಷಯ ಹೇಳಬೇಕು. ಅತ್ತಿಗೆಗೆ ಪಿಸುಮಾತು ಬರುತ್ತಿರಲಿಲ್ಲ. ಅವಳು ಎಷ್ಟೇ ಮೆಲ್ಲಗೆ ಅಂದುಕೊಂಡು ಹೇಳಿದರೂ ಮಂದಗಾಲದಲ್ಲಿ ಅದು ಗೋಡೆ ದಾಟಿ ಬರುತ್ತಿತ್ತು. "ನಿಮ್ಮ ಕಾಲು ತಣ್ಣಗಿದೆ ರೀ" ಅಂದದ್ದು ಅಮ್ಮನಿಗೂ ನನಗೂ ಕೇಳಿಸಿ ನಾವಿಬ್ಬರೂ ಹೊದಿಕೆ ಮುಖಕ್ಕೆಳೆದುಕೊಂಡ ರಾತ್ರಿಗಳಿದ್ದವು. ಹಾಗಾಗಿ ಅವರಿಬ್ಬರ ನಡುವೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಅಂತ ನಾನು ಒಳಗೊಳಗೆ ನೆಮ್ಮದಿಯಾಗಿದ್ದೆ. ಆಂಪ್ಲಿಫೈಯರಿಗೆ ಸಿಕ್ಕಿಸದ ಗಿಟಾರ್ ತೆಳು, ಅದು ಮಂಚದಿಂದ ಬಾಗಿಲವರೆಗೂ ಬರುವುದಿಲ್ಲ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಮಾರನೆಯ ಮಧ್ಯಾಹ್ನ ಬೆಸುಗೆಯ ತಂತಿ ಮುಗಿದಿತ್ತು ಅಂತ ಅಂಗಡಿಗೆ ಹೋಗಿದ್ದೆ. ವಾಪಸು ಹಿತ್ತಲ ಗೇಟಿನಿಂದ ಬಂದರೆ ಅತ್ತಿಗೆ ಕಲ್ಲಿನ ಮೇಲಿದ್ದಾಳೆ. ಜಗಲಿಯಲ್ಲಿ ಅಣ್ಣ ಬಾರಿಸುತ್ತಿದ್ದಾನೆ. ಅತ್ತಿಗೆಯ ಕೈ ಮೇಲೆದ್ದಿದೆ. ಬರೀ ಎದ್ದಿಲ್ಲ, ಬೆರಳುಗಳು ಗಾಳಿಯಲ್ಲಿ ತೂಗುತ್ತಿವೆ, ಕಣ್ಣು ಅರ್ಧ ಮುಚ್ಚಿದೆ, ತುಟಿಯ ಮೇಲೊಂದು ನಗು. ಅಣ್ಣನ ಮುಖವೂ ಅರಳಿತ್ತು. ನಾನು ಹಾಕಿದ್ದ ಅದೇ ಕೆಪಾಸಿಟರ್, ಅದೇ ಪೆಡಲ್. ನಿನ್ನೆ ಕೇಳಿಸದ್ದು ಇವತ್ತು ಹೇಗೆ ಕೇಳಿಸಿತು?

ಕಲ್ಲಿನ ಹಿಂದೆ ನಿಂತು ನಾನೂ ಕಿವಿಗೊಟ್ಟೆ. ಧಬ. ಧಬ ಧಬ. ಧಬ. ಗೋಣಿಚೀಲ ಬಡಿದ ಹಾಗೆ. ಅವನ ಬೆರಳುಗಳು ತಂತಿಯ ಮೇಲೆ ಅಷ್ಟು ದೂರ ಓಡಾಡುತ್ತಿವೆ, ಕಾಲು ಹಲಗೆಯನ್ನು ತೂಗುತ್ತಿದೆ, ಇಲ್ಲಿಗೆ ಬರುತ್ತಿರುವುದು ಇಷ್ಟೇ.

"ಏನು ಬಾರಿಸ್ತಿದಾನೆ?" ಅಂತ ಅತ್ತಿಗೆಯ ಕಿವಿಯ ಹತ್ತಿರ ಕೇಳಿದೆ.

ಅವಳು ಬೆಚ್ಚಿ ತಿರುಗಿ, ಆಮೇಲೆ ನಕ್ಕಳು. ಮುಖ ಕೆಂಪಾಗಿತ್ತು. "ಅದಾ? ಹೊಸದು. ನಾನು ಬಂದ ಮೇಲೆ, ಈ ಮಂದಗಾಲದಲ್ಲಿ ಕಟ್ಟಿದ್ದು. ದಿನಾ ಮಲಗೋ ಮುಂಚೆ ಸ್ವಲ್ಪ ಸ್ವಲ್ಪ ಬಾರಿಸ್ತಾರೆ. ಪ್ರೋಗ್ರಾಂನಲ್ಲಿ ಇದನ್ನೇ ಬಾರಿಸ್ತಾರಂತೆ. ಎಷ್ಟು ಚೆನ್ನಾಗಿ ಕೇಳಿಸ್ತಾ ಇದೆ ನೋಡು."

ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಯಿತು ಅನ್ನುತ್ತಾರಲ್ಲ, ಸುಳ್ಳು. ತಣ್ಣಗಾಯಿತು. ಅವನು ಕಟ್ಟಿದ ಒಂದೊಂದು ರಾಗವನ್ನೂ ಮೊದಲು ಕೇಳಿದವಳು ನಾನು. ಹೇಗಿದೆ ಕುಮು, ಅಂತ ಅವನು ಕೇಳುವುದು, ಪರವಾಗಿಲ್ಲ ಅಂತ ನಾನು ಹೇಳುವುದು. ಒಂದು ಇಡೀ ರಾಗ ಈ ಮನೆಯಲ್ಲಿ ಹುಟ್ಟಿ ಬೆಳೆದು ದೊಡ್ಡದಾಗಿದೆ, ನನಗೆ ಅದರ ಮುಖ ಗೊತ್ತಿಲ್ಲ.

ಆಗ ಆ ತಂಪಿನ ನಡುವೆಯೇ ಒಂದು ಮಾತು ಹೊಳೆಯಿತು. ಹೊಳೆದದ್ದೇ ತಡ, ನಾಲಿಗೆಗೆ ಬಂತು. ಅವಳನ್ನು ನೋಯಿಸುವಂಥದ್ದು ಸಿಕ್ಕಿತಲ್ಲ ಅಂತ ಸಂತೋಷವೇ ಆಯಿತು.

"ನಿಮಗೆ ಕೇಳಿಸ್ತಾ ಇಲ್ಲ ಅತ್ತಿಗೆ," ಅಂದೆ. "ನಿಮಗೆ ಗೊತ್ತಿದೆ, ಅಷ್ಟೇ."

ಅವಳ ಕೈ ನಿಧಾನವಾಗಿ ಕೆಳಗೆ ಬಂತು. ಸ್ವಲ್ಪ ಹೊತ್ತು ಜಗಲಿಯ ಕಡೆಗೇ ನೋಡಿದಳು, ಕಿವಿಯನ್ನು ಆ ಕಡೆ ಈ ಕಡೆ ತಿರುಗಿಸಿದಳು. ಆಮೇಲೆ ನನ್ನ ಕಡೆ ನೋಡಿದಳು. ಅವಳು ಏನೂ ಅನ್ನುವ ಮುಂಚೆಯೇ ನನಗೆ ಗೊತ್ತಾಗಿಹೋಯಿತು, ನಾನು ಎಸೆದ ಕಲ್ಲು ಎಲ್ಲಿ ಬಿತ್ತು ಅಂತ. ನಿನ್ನೆ ಇದೇ ಜಾಗದಲ್ಲಿ ನಾನು ಕೈ ಎತ್ತಿದ್ದೆ. ಹೋದ ವರ್ಷ, ಅದರ ಹಿಂದಿನ ವರ್ಷ. ಹೈಸ್ಕೂಲಿನಿಂದ ಬಾಯಿಪಾಠವಾಗಿದ್ದ ರಾಗ. ಧಬಧಬದ ಮೇಲೆ ಉಳಿದದ್ದನ್ನೆಲ್ಲ ನನ್ನ ತಲೆಯೇ ಹಾಕಿಕೊಂಡು ಕೇಳುತ್ತಿತ್ತು.

ಅತ್ತಿಗೆ ಅದನ್ನು ಹೇಳಲಿಲ್ಲ. ಹೇಳಿದ್ದರೆ ಜಗಳವಾಡಬಹುದಿತ್ತು.

ಜಗಲಿಗೆ ಬಂದು ಅವಳೇ ಅಣ್ಣನಿಗೆ ವಿಷಯ ತಿಳಿಸಿದಳು. ಅವನು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತ.

"ಅಂದ್ರೆ ಮಾಸ್ತರು ಹೇಳಿದ್ದು ನಿಜವೇ," ಅಂದ. "ಹೋದ ಸಲ ಹಿಂದಿನ ಸಾಲಲ್ಲಿ ಯಾರೋ ಕೇಳಿದ್ರಂತೆ, ಆ ಹುಡುಗ ಡೋಲನ್ನ ಯಾಕೆ ಅಡ್ಡ ನೇತು ಹಾಕ್ಕೊಂಡಿದಾನೆ ಅಂತ."

"ನನಗೆ ಹೇಳಲೇ ಇಲ್ಲ," ಅಂದೆ.

"ಹ್ಞೂಂ?"

ಅತ್ತಿಗೆ ಅವನ ಭುಜ ತಟ್ಟಿ ನನ್ನ ಕಡೆ ತೋರಿಸಿದಳು. ಆಗ ಅವನು ಎದ್ದು ಬಂದು ತಲೆ ವಾಲಿಸಿದ. ಎಷ್ಟೋ ದಿನದ ಮೇಲೆ. ಆದರೆ ಯಾರೋ ತೋರಿಸಿಕೊಟ್ಟ ಮೇಲೆ ವಾಲಿದ ತಲೆ ಅದು. ನಾನು ಅಂಗಡಿಯಿಂದ ತಂದ ತಂತಿಯ ಸುರುಳಿ ಬಿಚ್ಚತೊಡಗಿದೆ.

"ನಿನಗೆ ಬೇಜಾರಾಗತ್ತೆ ಅಂತ ಹೇಳಲಿಲ್ಲ ಕುಮು," ಅಂದ ತಾನಾಗಿಯೇ. "ನೀನು ಕೈ ಎತ್ತಿದಾಗ ನಿನ್ನ ಮುಖ ಹೆಂಗಿರತ್ತೆ ಅಂತ ನಿನಗೆ ಗೊತ್ತಿಲ್ಲ."

ಅತ್ತಿಗೆ ಮಾತು ಬದಲಿಸಿದಳು. "ಈಗ ಆ ರಾಗ ಗೊತ್ತಿಲ್ಲದವರು ಬೇಕು ಅಲ್ವಾ? ಅತ್ತೆ ಒಂದು ಕಡೆ ಕೂರೋರಲ್ಲ, ಉಳಿದವಳು ಕುಮುದ ಒಬ್ಬಳೇ."

ಹೀಗೆ ನನ್ನ ಕಲ್ಲು ನನಗೆ ವಾಪಸು ಬಂತು. ಅವರಿಬ್ಬರ ನಡುವಿನದು ನನಗೆ ತಿಳಿಯದು ಅನ್ನುವುದೇ ನನ್ನ ಅರ್ಹತೆ.

ಪ್ರತಿ ಸಲ ಬೆಸುಗೆ ಬಿಚ್ಚಿ ಹಾಕುತ್ತಾ ಕೂತರೆ ಆಗುವುದಿಲ್ಲ ಅಂತ, ಕೆಪಾಸಿಟರ್ ಇರುವ ಜಾಗಕ್ಕೆ ಎರಡು ತೂತಿನ ಪುಟ್ಟ ಸಾಕೆಟ್ ಬೆಸೆದುಕೊಟ್ಟೆ. ಬೀಗಕ್ಕೆ ಕೀಲಿ ಹಾಕಿದ ಹಾಗೆ ಸಿಕ್ಕಿಸುವುದು, ಕೀಳುವುದು. ಅತ್ತಿಗೆ ಮೇಜಿನ ಹತ್ತಿರ ನನ್ನ ಸ್ಟೂಲಿನಲ್ಲಿ ಕೂತು ಭರಣಿಯಿಂದ ಒಂದೊಂದೇ ತೆಗೆದು ಸಿಕ್ಕಿಸುತ್ತಾ ಹೋದಳು. ನಾನು ಕಲ್ಲಿನ ಮೇಲೆ ಕೂತೆ.

ಮೊದಮೊದಲು ಬರೀ ಧಬಧಬ. ಆಮೇಲೆ ಹಸಿರು ಬಣ್ಣದ ದೊಡ್ಡದೊಂದು ಹಾಕಿದಾಗ ಧಬದ ಬೆನ್ನಿಗೆ ಏನೋ ಎಳೆದ ಹಾಗೆ ಅನ್ನಿಸಿತು. ಇನ್ನೂ ದೊಡ್ಡದು ಹಾಕಿದಾಗ ಆ ಎಳೆತಕ್ಕೆ ಒಂದು ಮೈ ಬಂತು, ಆದರೆ ಕಂಬಳಿಯೊಳಗೆ ಮಾತಾಡಿದ ಹಾಗೆ. ಯಾರೋ ಏನೋ ಹೇಳುತ್ತಿದ್ದಾರೆ, ಏನು ಅಂತ ಬಿಡಿಸಿಕೊಳ್ಳಲಾಗುತ್ತಿಲ್ಲ. ಅಣ್ಣ ನನ್ನ ಕೈಯನ್ನೇ ನೋಡುತ್ತಿದ್ದ. ನಾನು ಕೈ ಎತ್ತದೆ ಎದ್ದು ಜಗಲಿಗೆ ಹೋದೆ.

ಇಳಿಸಿದ್ದು ಸಾಕು, ಈಗ ಮೊನೆ ಬೇಕು ಅನ್ನಿಸಿತ್ತು. ಪೆಡಲಿನೊಳಗೆ ತಂತಿ ಸುತ್ತಿದ ಒಂದು ಪುಟ್ಟ ಗುಂಡಿ ಇದೆ, ಅದರ ಪಕ್ಕಕ್ಕೆ ಒಂದು ರೆಸಿಸ್ಟರ್. ಬಾಯಿ ಎಷ್ಟು ಚೂಪಾಗಿ ತೆರೆಯಬೇಕು ಅನ್ನುವುದು ಅದರ ಕೈಯಲ್ಲಿ. ನಾವು ಯಾವ ವರ್ಷವೂ ಅದನ್ನು ಮುಟ್ಟಿರಲಿಲ್ಲ, ಮುಟ್ಟುವ ಅಗತ್ಯವಿದೆ ಅಂತ ನನ್ನ ಬಾಯಿಪಾಠದ ಕಿವಿ ಹೇಳಿರಲಿಲ್ಲ. ಅದನ್ನು ಕಿತ್ತು, ಕರೆಂಟನ್ನು ಇನ್ನೂ ಹೆಚ್ಚು ತಡೆಯುವಂಥದ್ದೊಂದನ್ನು ಬೆಸೆದೆ. ಅತ್ತಿಗೆ ಹೊಗೆ ನನ್ನ ಕಣ್ಣಿಗೆ ಬಾರದಂತೆ ಬೀಸಣಿಗೆ ಬೀಸಿದಳು. ಬೇಡ ಅಂತ ಹೇಳೋಣವೆಂದರೆ ಬಾಯಲ್ಲಿ ತಂತಿಯ ತುಂಡು ಕಚ್ಚಿಕೊಂಡಿದ್ದೆ. ಅಣ್ಣ ತಂತಿ ಮೀಟಿ ನೋಡಲು ಕೈಯೆತ್ತಿದಾಗ ಅವಳೇ ತಡೆದಳು. "ಅವಳು ಅಲ್ಲಿ ಹೋಗಿ ಕೂರೋವರೆಗೂ ಬಾರಿಸ್ಬೇಡಿ. ಹತ್ರದಿಂದ ಕೇಳಿದ್ರೆ ಕೆಟ್ಟುಹೋಗತ್ತೆ."

ಹೋಗಿ ಕೂತೆ. ಅಣ್ಣ ಬಾರಿಸಿದ. ಮತ್ತು ಅದು ಬಂತು.

ಹಿತ್ತಲು ದಾಟಿ, ಒಣಗಿದ ಬಟ್ಟೆಗಳ ಸಾಲು ದಾಟಿ, ಇಡೀ ರಾಗ ನಡೆದುಕೊಂಡು ಬಂತು. ಕೆಳದನಿಯಲ್ಲಿ, ಆದರೆ ಒಂದೊಂದು ತಿರುವೂ ಬಿಡಿಬಿಡಿಯಾಗಿ. ಯಾರೋ ಬಾಗಿಲ ಹೊರಗೆ ನಿಂತು ಒಳಗಿನವರನ್ನು ಎಬ್ಬಿಸಬಾರದು ಅಂತಲೂ, ಎದ್ದು ಬಂದರೆ ಚೆನ್ನಾಗಿತ್ತು ಅಂತಲೂ ಕರೆಯುವ ಹಾಗೆ. ನನ್ನ ಅಣ್ಣ ಇಷ್ಟು ಚೆನ್ನಾಗಿ ಯಾವತ್ತೂ ಬಾರಿಸಿರಲಿಲ್ಲ. ಹೊರಗಿನಿಂದ ಬಂದ ಒಬ್ಬಳು ಅವನಿಂದ ಇದನ್ನು ಹೊರಡಿಸಿದ್ದಳು. ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದ ನನಗೆ ಅವನು ಕೊಟ್ಟದ್ದೆಲ್ಲ ಇದರ ಮುಂದೆ ಚಿಲ್ಲರೆ.

ಕೈ ಎತ್ತಬೇಕಾಗಿತ್ತು. ಎತ್ತಲಿಲ್ಲ.

ಎತ್ತಿದರೆ ಮುಗಿಯಿತು. ತಳದ ಸ್ಕ್ರೂ ಹಾಕುತ್ತಾರೆ, ಪೆಡಲನ್ನು ಚೀಲಕ್ಕೆ ತುರುಕುತ್ತಾರೆ, ರಾಗ ಮತ್ತೆ ಅವರ ಕೋಣೆಗೆ ಹೋಗುತ್ತದೆ. ಎತ್ತದಿದ್ದರೆ ಅವನು ಇನ್ನೊಂದು ಸಲ ನನ್ನ ಕಡೆಗೇ ನೋಡುತ್ತಾ ಬಾರಿಸಬೇಕು. ಹಾಗಂತ ಅಷ್ಟನ್ನೂ ಯೋಚಿಸಿದೆ ಅಂತಲ್ಲ. ಕೈ ಭಾರವಾಗಿತ್ತು, ಅಷ್ಟೇ. ಜಗಲಿಯಲ್ಲಿ ಅಣ್ಣನ ಭುಜ ಇಳಿಯಿತು. ಹಣೆ ಒರೆಸಿಕೊಂಡು ಅತ್ತಿಗೆಗೆ ಏನೋ ಹೇಳಿದ. ಅವಳು ಚೆನ್ನಾಗಿದ್ದದ್ದನ್ನು ಕಿತ್ತು, ಭರಣಿಯ ತಳ ತಡಕಿ ಹೆಬ್ಬೆರಳ ಗಾತ್ರದ್ದೊಂದು ಸಿಕ್ಕಿಸಿದಳು. ಬಾರಿಸಿದ. ರಾಗವೆಲ್ಲ ಕೆಸರಾಗಿ ಬಂದು ನನ್ನ ಕಾಲ ಹತ್ತಿರ ಬಿತ್ತು. ಅವನು ಅದನ್ನೇ ಮತ್ತೆ ಬಾರಿಸಿದ, ಮತ್ತೆ, ಇನ್ನಷ್ಟು ಒತ್ತಿ. ಇನ್ನು ಎರಡು ದಿನಕ್ಕೆ ಕಾರ್ಯಕ್ರಮ.

ಅತ್ತಿಗೆ ಸ್ಟೂಲಿನಿಂದ ಎದ್ದು ಬಟ್ಟೆ ತೆಗೆಯುವವಳ ಹಾಗೆ ಈ ಕಡೆ ಬಂದಳು. ಒಂದು ಟವಲ್ ಎಳೆದುಕೊಂಡು ನನ್ನ ಪಕ್ಕ ಕಲ್ಲಿನ ಮೇಲೆ ಕೂತಳು.

"ಮುಂಚಿನ ಸಲ ಬಾರಿಸುವಾಗ ನೀನು ಕಣ್ಣು ಒರೆಸ್ಕೊಂಡೆ," ಅಂದಳು. ಅವಳಿಂದ ಸಾಧ್ಯವಾದಷ್ಟು ಮೆಲ್ಲಗೆ.

"ಧೂಳು ಬಿತ್ತು."

"ಎರಡು ಕಣ್ಣಿಗೂ?"

ಅವಳು ಟವಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಬೈದಿದ್ದರೆ ನಾನು ಗೇಟು ದಾಟಿ ಹೋಗಿಬಿಡುತ್ತಿದ್ದೆ. ಬೈಯಲಿಲ್ಲ. ಕಾಯುತ್ತಿದ್ದಳು. ತಲೆಯನ್ನು ಸ್ವಲ್ಪ ನನ್ನ ಕಡೆಗೆ ವಾಲಿಸಿ.

"ಮುಂಚಿನದೇ ಸರಿ ಇತ್ತು," ಅಂದೆ.

ಅವಳು ಜಗಲಿಯ ಕಡೆ ತಿರುಗಿ ತನ್ನ ಆ ದಪ್ಪ ಗಂಟಲಿನಲ್ಲಿ ಕೂಗಿ ಹೇಳಿದಳು, "ರೀ, ಹಿಂದಿನದೇ ಹಾಕ್ಕೊಳ್ಳಿ. ಪೂರ್ತಿ ಕೇಳಿಸ್ತಂತೆ. ಇವಳು ಕೈ ಎತ್ತಿದ್ದಳು, ಬಟ್ಟೆ ಅಡ್ಡ ಬಂದು ನಿಮಗೆ ಕಾಣಿಸಲಿಲ್ಲ."

ಅಣ್ಣ ಜಗಲಿಯಲ್ಲೇ ಕುಣಿದ. ಅವಳು ನನಗಾಗಿ ಸುಳ್ಳು ಹೇಳಿದ್ದಳು, ಅದೂ ಇಡೀ ಬೀದಿಗೆ ಕೇಳುವ ಹಾಗೆ. ಅವಳ ಒಳ್ಳೆಯತನವನ್ನು ಕಂಡರೆ ನನಗೆ ಆಗುವುದಿಲ್ಲ ಅನ್ನುವುದನ್ನು ಎಷ್ಟು ಬರೆದರೂ ಸಾಲದು.

ಕಾರ್ಯಕ್ರಮ ನಡೆದದ್ದು ಮಾರ್ಕೆಟ್ಟಿನ ಹಿಂದಿನ ಬಯಲಿನಲ್ಲಿ, ಸಂಜೆ ಬೆಳಕಿರುವಾಗಲೇ. ಅಮ್ಮನೂ ಅತ್ತಿಗೆಯೂ ಮುಂದಿನ ಸಾಲಿನಲ್ಲಿ ಕೂತರು. ನನಗೂ ಅಂತ ಸೆರಗು ಹಾಸಿ ಜಾಗ ಹಿಡಿದಿದ್ದರು. ನಾನು ಹೋಗಲಿಲ್ಲ. ಕಟ್ಟಕಡೆಗೆ, ಬಸ್ಸಿಗೆ ಕಾಯುವವರು ಮೂಟೆ ಇಳಿಸಿಕೊಂಡು ನಿಂತಿರುವಲ್ಲಿ ಹೋಗಿ ನಿಂತೆ. ದೊರೆಸ್ವಾಮಿ ಮಾಸ್ತರು ನಗಾರಿಯ ಹಿಂದೆ ಗುಡಾಣದ ಹಾಗೆ ಕೂತಿದ್ದರು. ಅವರೂ ಹಿಂದಿನ ಸಾಲುಗಳ ಕಡೆಗೇ ಕಣ್ಣಿಟ್ಟಿದ್ದರು.

ಅಣ್ಣ ಬಾರಿಸಲು ಶುರುಮಾಡಿದ. ಮೊದಲ ತಿರುವಿನಿಂದಲೇ ನನಗೆ ಎಲ್ಲವೂ ಕೇಳಿಸಿತು. ಭಯವಾದದ್ದೇ ಅದಕ್ಕೆ. ಎರಡು ದಿನದಿಂದ ಪಾತ್ರೆ ತೊಳೆಯುತ್ತಾ, ತಲೆ ಬಾಚುತ್ತಾ, ಆ ರಾಗವನ್ನು ಬಿಟ್ಟರೆ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಈಗ ಕೇಳಿಸುತ್ತಿರುವುದು ಅವನ ಗಿಟಾರೋ ನನ್ನ ತಲೆಯೋ? ನನ್ನ ಕಿವಿಯನ್ನು ಕೇಳಿ ಪ್ರಯೋಜನವಿಲ್ಲ. ಅದು ಅತ್ತಿಗೆಯ ಕಿವಿಯಷ್ಟೇ ಕೆಟ್ಟುಹೋಗಿತ್ತು.

ಪಕ್ಕದಲ್ಲಿ ಒಬ್ಬ ಅಜ್ಜಿ ತನ್ನ ಮೂಟೆಗೆ ಒರಗಿ ನಿಂತಿದ್ದಳು. ಗುರುತು ಪರಿಚಯ ಇಲ್ಲದವರನ್ನು ನಾನು ಸಮಯ ಎಷ್ಟು ಅಂತಲೂ ಕೇಳಿದವಳಲ್ಲ. ಅವಳ ಭುಜ ಮುಟ್ಟಿದೆ.

"ಅಜ್ಜಿ, ಕೇಳಿಸ್ತಿದೆಯಾ?"

"ಏನು?"

ಅವಳ ಕಿವಿಗೆ ಬಾಯಿ ತಾಗುವಷ್ಟು ಹತ್ತಿರ ಹೋದೆ. ಅವಳ ಸೀರೆಗೆ ಕೊತ್ತಂಬರಿಯ ವಾಸನೆಯಿತ್ತು. "ಆ ಗಿಟಾರು. ಇಲ್ಲಿಗೆ ಕೇಳಿಸ್ತಿದೆಯಾ?"

"ಅದ್ಯಾಕೆ ಕೇಳಿಸಲ್ಲ? ನನಗೇನು ಕಿವುಡಾ?" ಅಂದಳು. "ಯಾರನ್ನೋ ಕರೀತಿದೆ ಕಣವ್ವ ಅದು. ಪಾಪ, ಎಷ್ಟೊತ್ತಿಂದ ಕರೀತಿದೆ. ಯಾರನ್ನಂತೆ?"

ಮುಂದಿನ ಸಾಲಿನಲ್ಲಿ ಅತ್ತಿಗೆಯ ತಲೆ ಕಾಣುತ್ತಿತ್ತು, ಮುಡಿದ ಹೂವಿನ ಸಮೇತ. ಅಣ್ಣ ನೋಡುತ್ತಿದ್ದದ್ದೂ ಅಲ್ಲಿಗೇ.

"ಅವನ ಹೆಂಡತೀನ," ಅಂದೆ.

"ಓ." ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಹೆಂಡ್ತಿ ಕರೆಯಾಕೆ ಊರಿಗೆಲ್ಲ ಕೇಳಿಸ್ಬೇಕಾ?"

"ಕೇಳಿಸೋ ಹಾಗೆ ಮಾಡಿದ್ದು ನಾನು ಅಜ್ಜಿ. ಒಳಗೆ ಒಂದು ರೆಸಿಸ್ಟರ್ ಇರತ್ತೆ, ಅದನ್ನ ಕಿತ್ತು, ಮೊದಲು ಕೆಪಾಸಿಟರ್ ಬದಲಾಯಿಸಿ, ಆಮೇಲೆ ನಾನೇ ಕೂತು..." ಮಾತು ನಿಲ್ಲಲಿಲ್ಲ. ಗುರುತಿಲ್ಲದ ಒಬ್ಬಳ ಕಿವಿಯಲ್ಲಿ ಎಲ್ಲವನ್ನೂ ಸುರಿಯುತ್ತಿದ್ದೆ, ಕಲ್ಲು, ಭರಣಿ, ಹಸಿರು ಕೆಪಾಸಿಟರು, ಬೀಸಣಿಗೆ.

ಅಜ್ಜಿ ಕಿವಿ ಎಳೆದುಕೊಂಡು, ಒರಟು ಅಂಗೈಯನ್ನು ನನ್ನ ಬಾಯಿಗೆ ಅಡ್ಡ ಹಿಡಿದಳು.

"ಥೂ, ಎಷ್ಟು ಮಾತಾಡ್ತೀಯವ್ವ. ಸುಮ್ಕಿರು ಒಂದ್ಗಳಿಗೆ, ಕೇಳಾಕೆ ಬಿಡು," ಅಂದು ವೇದಿಕೆಯ ಕಡೆ ತಿರುಗಿದಳು.

ನನ್ನನ್ನು ಸುಮ್ಮನಿರು ಅಂತ ಯಾರಾದರೂ ಅಂದದ್ದು ಅದೇ ಮೊದಲು. ಸುಮ್ಮನಾದೆ.